ಎರಡನೆಯ ಕೀಲಿ ನನ್ನ ಚೀಲದಲ್ಲೇ ಇತ್ತು

ಅಪ್ಪ ತೀರಿಕೊಂಡು ಹತ್ತು ತಿಂಗಳಾಗಿತ್ತು. ಮನೆ ಯಾರಿಗೆ ಎಂಬ ಮಾತು ಅಣ್ಣನಿಗೂ ನನಗೂ ಬೆಳೆಯುತ್ತಾ ಹೋಗಿ, ಒಂದು ರಾತ್ರಿ ನಾನು ಕೈಚೀಲವೊಂದನ್ನೇ ಹಿಡಿದು ಅರಸೀಕೆರೆ ಬಿಟ್ಟು ಹಾಸನದಲ್ಲಿದ್ದ ಗೆಳತಿಯ ಮನೆ ಸೇರಿದೆ. ಮೂರನೆಯ ದಿನ ಬಟ್ಟೆ ತರಲು ಹೋದರೆ ನನ್ನ ಕೋಣೆಗೆ ಹೊಸ ಬೀಗ ಬಿದ್ದಿತ್ತು. "ಅವರಿಲ್ಲದಾಗ ತೆಗೆಯಬೇಡ ಎಂದಿದ್ದಾರೆ" ಎಂದು ಅತ್ತಿಗೆ ನೆಲ ನೋಡುತ್ತಾ ಹೇಳಿದರು. ಒಳಗೆ ನನ್ನ ಅಂಕಪಟ್ಟಿಗಳು, ಬಿ.ಇಡಿ. ಪ್ರಮಾಣಪತ್ರ, ಹೊಲಿಗೆ ಯಂತ್ರ, ಅಮ್ಮ ಬದುಕಿದ್ದಾಗ ನನ್ನ ಕೈಗೆ ಹಾಕಿದ್ದ ಎರಡು ಬಳೆಗಳು. ಅಂಗಳದಲ್ಲಿ ಅಪ್ಪನ ಕಾರು. ಅದರ ಎರಡನೆಯ ಕೀಲಿ ನನ್ನ ಚೀಲದಲ್ಲೇ ಇತ್ತು.

ಕಾರು ತೆಗೆದುಕೊಂಡು ಹೊರಟುಬಿಡಬೇಕು ಎನಿಸಿತು. ಅಪ್ಪ ಹೋದ ಮೇಲೆ ಅದರ ಸಾಲದ ಒಂಬತ್ತು ಕಂತುಗಳನ್ನು ಕಟ್ಟಿ ಮುಗಿಸಿದವಳು ನಾನು. ಆದರೂ ಹೊರಡಲಿಲ್ಲ, ಅದೇ ನನ್ನನ್ನು ಉಳಿಸಿತು. ಆಮೇಲೆ ಸಿಕ್ಕ ವಕೀಲರು ಕಾನೂನಿನಲ್ಲೇ ಇರುವ ಒಂದು ಉದಾಹರಣೆ ಹೇಳಿದರು: ಗಿರವಿ ಇಟ್ಟ ಗಡಿಯಾರವನ್ನು ಸಾಲ ತೀರಿಸದೆ, ಕೇಳದೆ ಎತ್ತಿಕೊಂಡು ಬಂದರೆ, ಗಡಿಯಾರ ತನ್ನದೇ ಆದರೂ ಅದು ಕಳ್ಳತನ. ವಸ್ತು ಯಾರದು ಎನ್ನುವುದಕ್ಕಿಂತ ಯಾರ ಸ್ವಾಧೀನದಲ್ಲಿತ್ತು ಎನ್ನುವುದನ್ನು ಮೊದಲು ನೋಡುತ್ತಾರೆ. ನನ್ನ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಠಾಣೆಯಲ್ಲಿ ಕುಳಿತು ವಿವರಿಸಬೇಕಾದವಳು ನಾನೇ ಆಗುತ್ತಿದ್ದೆ.

ಮೊದಲು ಮಾಡಿದ ಕೆಲಸ ಪಟ್ಟಿ. ಕಣ್ಣು ಮುಚ್ಚಿ ಕೋಣೆಯ ಬಾಗಿಲಿನಿಂದ ಒಳಗೆ ನಡೆದೆ: ಎಡಕ್ಕೆ ಮೊಳೆ, ಅದರಲ್ಲಿ ಛತ್ರಿ, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಮಂಚದಡಿ ಟ್ರಂಕು. ಮೊಬೈಲಿನಲ್ಲಿದ್ದ ಗೌರಿ ಹಬ್ಬದ ಫೋಟೊಗಳು ಬಹಳ ಸಹಾಯ ಮಾಡಿದವು. ಒಂದರಲ್ಲಿ ನನ್ನ ಕೈಯಲ್ಲಿ ಬಳೆಗಳಿದ್ದವು, ಹಿಂದೆ ಯಂತ್ರದ ಅರ್ಧ ಭಾಗ ಕಾಣುತ್ತಿತ್ತು. ಒಟ್ಟು ನಲವತ್ತಮೂರು ವಸ್ತುಗಳಾದವು. ಅಪ್ಪನದು, ಇಬ್ಬರಿಗೂ ಸೇರಿದ್ದು ಎಂಬಂಥ ಯಾವುದನ್ನೂ ಅದರಲ್ಲಿ ಸೇರಿಸಲಿಲ್ಲ. ಪಟ್ಟಿಯಲ್ಲಿ ಒಂದು ಅತಿಯಾಸೆ ಕಂಡರೂ ಉಳಿದ ನಲವತ್ತೆರಡು ಸುಳ್ಳಾಗುತ್ತವೆ.

ಆ ಪಟ್ಟಿಯೊಂದಿಗೆ ಅಣ್ಣನಿಗೆ ಕಾಗದ ಬರೆದೆ. ಮೊದಲ ಸಲ ಬರೆದದ್ದು ನಾಲ್ಕು ಪುಟ, ಎಲ್ಲವೂ ದೂರು. ಹರಿದು ಹಾಕಿ ಅರ್ಧ ಪುಟದಲ್ಲಿ ಬರೆದೆ: ಇವು ನನ್ನ ವಸ್ತುಗಳು, ಇಂಥ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೋದರಮಾವನೊಂದಿಗೆ ಬರುತ್ತೇನೆ, ಆ ದಿನ ಆಗದಿದ್ದರೆ ನೀನೇ ದಿನ ಹೇಳು. ತಲುಪಿದ್ದಕ್ಕೆ ರಸೀದಿ ಬರುವ ಹಾಗೆ ಅಂಚೆಯಲ್ಲಿ ಕಳುಹಿಸಿ, ಅದನ್ನೇ ವಾಟ್ಸ್‌ಆ್ಯಪ್‌ನಲ್ಲೂ ಹಾಕಿದೆ. ಉತ್ತರ ಬರಲಿಲ್ಲ.

ಠಾಣೆಯಲ್ಲಿ "ಇದು ಸಿವಿಲ್ ವ್ಯವಹಾರ, ಮನೆಯಲ್ಲೇ ಬಗೆಹರಿಸಿಕೊಳ್ಳಿ" ಎಂದರು. ನನ್ನ ಅರ್ಜಿಗೆ ಹಿಂಬರಹ, ಅಂದರೆ ಬರವಣಿಗೆಯ ಉತ್ತರ, ಕೊಡುವವರೆಗೂ ಬೆಂಚಿನಿಂದ ಏಳಲಿಲ್ಲ. ಆ ಒಂದು ಹಾಳೆ ಮುಂದೆ ಉಪಯೋಗಕ್ಕೆ ಬಂತು. ಅಲ್ಲಿಂದ ಹೋದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಅಲ್ಲಿ ಉಚಿತ ಕಾನೂನು ನೆರವು ಉಂಟು, ಆದಾಯದ ಮಿತಿ ಇಲ್ಲ. ಇದು ಗೊತ್ತಿಲ್ಲದೆ ಎಷ್ಟು ಹೆಣ್ಣುಮಕ್ಕಳು ಸಾಲ ಮಾಡಿ ವಕೀಲರ ಶುಲ್ಕ ಕಟ್ಟುತ್ತಾರೋ ಎಂದು ಈಗಲೂ ಸಂಕಟವಾಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡ ಹೆಂಡತಿಗೆ ಮಾತ್ರ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿದ್ದ ತಂಗಿಯೂ ಅದರಡಿ ತನ್ನ ವಸ್ತುಗಳನ್ನು ವಾಪಸು ಕೇಳಬಹುದು ಎಂದು ತಿಳಿದದ್ದು ಅಲ್ಲಿ. ಆದರೆ ಮೊಕದ್ದಮೆ ಹೂಡದೆ ಮೊದಲು ರಾಜಿಗೆ ಕರೆಯಿರಿ ಎಂದು ನಾನೇ ಕೇಳಿಕೊಂಡೆ.

ನೋಟಿಸು ಹೋದ ಮೇಲೆ ಅಣ್ಣ ಬಂದ. ಕೋಣೆಯ ವಸ್ತುಗಳ ಬಗ್ಗೆ ಹತ್ತೇ ನಿಮಿಷದಲ್ಲಿ ಒಪ್ಪಿದ. ಕಾರಿನ ಮಾತು ಬಂದಾಗ ಅವನ ಗಂಟಲು ಕಟ್ಟಿತು. ಅಪ್ಪನನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದು ಆ ಕಾರಿನಲ್ಲಿ, ಓಡಿಸಿದವನು ಅವನು. ನನಗೆ ಅದು ನೆನಪೇ ಆಗಿರಲಿಲ್ಲ. ಆ ಮಧ್ಯಾಹ್ನ ನಾವು ಬೆಲೆಯ ಮಾತು ಎತ್ತದೆ ಎದ್ದೆವು.

ಮುಂದಿನ ಸಲ, ಕಾರು ನನಗೆ, ಅವನ ಪಾಲಿನ ಹಣ ಅವನಿಗೆ ಎಂದು ಲೆಕ್ಕಕ್ಕೆ ಕುಳಿತೆವು. ಅಮ್ಮ ಮೊದಲೇ ತೀರಿಕೊಂಡಿದ್ದರಿಂದ ವಾರಸುದಾರರು ನಾವಿಬ್ಬರೇ, ಸಮಪಾಲು. ಹಳೆಯ ಕಾರು ಮಾರುವ ಇಬ್ಬರು ಹೇಳಿದ ಬೆಲೆಗಳ ಸರಾಸರಿ 2,40,000 ರೂಪಾಯಿ. ಅಣ್ಣನ ಪಾಲು 1,20,000. ನಾನು ಕಟ್ಟಿದ ಒಂಬತ್ತು ಕಂತುಗಳು, 6,200ರಂತೆ 55,800. ಅದರಲ್ಲಿ ಅರ್ಧ, 27,900, ಅವನು ಕಟ್ಟಬೇಕಾಗಿದ್ದ ಹಣ. ಕಳೆದರೆ ನಾನು ಕೊಡಬೇಕಾದದ್ದು 92,100. ಸೋದರಮಾವ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಈ ಲೆಕ್ಕ ಬರೆದು ಇಬ್ಬರ ಮುಂದೆಯೂ ಇಟ್ಟರು. ರಾಜಿಯನ್ನು ಲೋಕ ಅದಾಲತ್ತಿನಲ್ಲಿ ದಾಖಲಿಸಿದೆವು. ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಬಲವಿದೆ. ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಿದೆ.

ಕಾಗದಪತ್ರಗಳಿಗೆ ಓಡಾಡಿದ್ದೇ ಹೆಚ್ಚು. ನಾಡಕಚೇರಿಯಿಂದ ವಂಶವೃಕ್ಷ, ಅಪ್ಪನ ಮರಣ ಪ್ರಮಾಣಪತ್ರ, ಅಣ್ಣನ ಒಪ್ಪಿಗೆಯ ಅಫಿಡವಿಟ್ಟು, ಕಾರನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಅರ್ಜಿಯಾದ ನಮೂನೆ 31. ಮಾಲೀಕರು ತೀರಿಕೊಂಡ ಮೂವತ್ತು ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ನಾವು ದುಃಖದಲ್ಲಿ, ಆಮೇಲೆ ಜಗಳದಲ್ಲಿ, ಎರಡನ್ನೂ ಮರೆತಿದ್ದೆವು. ಸಾಲ ತೀರಿದ್ದರೂ ಕಾರಿನ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿತ್ತು, ಅದನ್ನು ತೆಗೆಸಲು ನಮೂನೆ 35 ಬೇಕಾಯಿತು. ವಿಮೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಅದು ನನ್ನ ಹೆಸರಿಗೆ ಬರುವವರೆಗೂ ಕಾರನ್ನು ರಸ್ತೆಗೆ ಇಳಿಸಲಿಲ್ಲ.

ಸಾಮಾನು ತರಲು ಹೋದ ದಿನ ಪಟ್ಟಿಯ ಎರಡು ಪ್ರತಿಗಳಿದ್ದವು. ಒಂದೊಂದು ವಸ್ತು ಹೊರಗೆ ಬಂದಂತೆ ಅಣ್ಣ ತನ್ನ ಪ್ರತಿಯಲ್ಲಿ ಗುರುತು ಹಾಕಿದ, ನಾನು ನನ್ನದರಲ್ಲಿ. ಕೊನೆಗೆ ಇಬ್ಬರೂ ಸಹಿ ಮಾಡಿದೆವು, ಮಾವ ಸಾಕ್ಷಿ ಹಾಕಿದರು. ಗೂಡ್ಸ್ ಆಟೊ ಹೊರಡುವ ಹೊತ್ತಿಗೆ ಅತ್ತಿಗೆ ಅಡುಗೆಮನೆಯಿಂದ ಅಮ್ಮನ ಒಗ್ಗರಣೆ ಸೌಟನ್ನು ತಂದು ನನ್ನ ಕೈಯಲ್ಲಿಟ್ಟರು. ಹಿಡಿಯ ತುದಿ ಸುಟ್ಟು ಕಪ್ಪಾಗಿತ್ತು. ಅದು ಪಟ್ಟಿಯಲ್ಲಿರಲಿಲ್ಲ.

ಕಬ್ಬಿಣದ ಬೀರು ಆಟೊದಲ್ಲಿ ಹಿಡಿಯಲಿಲ್ಲ, ಅಲ್ಲೇ ಇದೆ. ಮನೆಯ ವಿಭಾಗದ ಮಾತು ಇನ್ನೂ ಮುಗಿದಿಲ್ಲ. ದೀಪಾವಳಿಗೆ ಬಾ, ಆಗ ಬೀರು ಸಾಗಿಸೋಣ ಎಂದು ಅಣ್ಣ ಮೊನ್ನೆ ಫೋನು ಮಾಡಿದ್ದ.