ಯಾರು ಹೇಳಿಕೊಟ್ಟರು?

“ಇದನ್ನೆಲ್ಲ ನಿನಗ ಯಾರು ಹೇಳಿಕೊಟ್ರು?”

ಆರೋಪಿ ಪರ ವಕೀಲರ ಪ್ರಶ್ನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ವಿಚಾರಿಸುವ ಪೋಕ್ಸೊ ಕೋರ್ಟಿನಲ್ಲಿ ವಕೀಲರು ಮಗುವನ್ನು ನೇರವಾಗಿ ಕೇಳುವಂತಿಲ್ಲ. ನ್ಯಾಯಾಧೀಶರಿಗೆ ಹೇಳಬೇಕು, ಅವರು ಮಗುವಿಗೆ ದಾಟಿಸಬೇಕು. ಆ ನ್ಯಾಯಾಧೀಶರು ಪೀಠ ಬಿಟ್ಟು ಕೆಳಗಿಳಿದು ಬಂದು, ಹುಡುಗಿಯ ಪಕ್ಕ ಕೂತು, ಆದಷ್ಟು ಮೆತ್ತಗೆ ಕೇಳಿದರು. ಹನ್ನೊಂದು ವರ್ಷದ ಹುಡುಗಿ. ಹಿಂದೆಮುಂದೆ ನೋಡದೆ ನನ್ನ ಕಡೆ ಬೆರಳು ಮಾಡಿದಳು.

“ಈ ಅಕ್ಕಾರು ಹೇಳಿಕೊಟ್ಟಾರ್ರಿ.”

ನಾನು ಹೇಳಿಕೊಟ್ಟದ್ದೇನು? ಹಿಂದಿನ ದಿನ ಅವರ ಮನೆ ಕಟ್ಟೆಯ ಮೇಲೆ ಕೂತು “ಹೆದರಬ್ಯಾಡ ಯವ್ವಾ, ನಡೆದದ್ದು ನಡೆದಂಗ ಹೇಳು” ಅಂದಿದ್ದೆ. ಅಷ್ಟೇ. ಆದರೆ ಮೇಷ್ಟ್ರು ಮಗ್ಗಿ ಹೇಳಿಕೊಡುವುದಕ್ಕೂ ಅಕ್ಕ ಧೈರ್ಯ ಹೇಳುವುದಕ್ಕೂ ಆ ಹುಡುಗಿಯ ಹತ್ತಿರ ಇದ್ದದ್ದು ಒಂದೇ ಮಾತು. ಆ ಮಾತು ಹಾಗೇ ಟೈಪಾಯಿತು. ಆರೋಪಿ ಬಿಡುಗಡೆಯಾದ. ತೀರ್ಪಿನಲ್ಲಿ ಬೇರೆ ಕಾರಣಗಳೂ ಇದ್ದವು, ಆದರೆ ಆ ಸಾಲೂ ಇತ್ತು. ಅದು ಯಾವ ಜಿಲ್ಲೆಯ ಕೋರ್ಟು, ಯಾವ ವರ್ಷ ಎಂದು ನಾನು ಹೇಳುವುದಿಲ್ಲ. ಮಗುವಿನ ಗುರುತು ಹೊರಬೀಳಬಾರದು ಎಂಬುದು ಕಾನೂನೂ ಹೌದು, ನನ್ನ ಕೆಲಸದ ಮೊದಲ ಕಟ್ಟಳೆಯೂ ಹೌದು. ಮುಂದೆ ಬರುವ ಮಕ್ಕಳ ಮಾತಿನಲ್ಲೂ ಊರು, ವಯಸ್ಸು ಅಲ್ಲಲ್ಲಿ ಬದಲಾಗಿವೆ.

ನನ್ನ ಕೆಲಸಕ್ಕೆ ‘ಸಪೋರ್ಟ್ ಪರ್ಸನ್’ ಅಂತ ಹೆಸರು. ಮೊದಲು ನಾನು ಕೊಪ್ಪಳ ಜಿಲ್ಲೆಯಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸುವ ಕೆಲಸದಲ್ಲಿದ್ದೆ. ಪೋಕ್ಸೊ ಪ್ರಕರಣ ದಾಖಲಾದರೆ ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗು ಮತ್ತು ಮನೆಯವರು ಒಪ್ಪಿದರೆ ಸಮಿತಿ ನನ್ನಂಥ ಒಬ್ಬರನ್ನು ಜೊತೆಗೆ ಕೊಡುತ್ತದೆ. ವಿಚಾರಣೆ ಮುಗಿಯುವವರೆಗೂ ನಾವು ಜೊತೆಗಿರಬೇಕು, ತಿಂಗಳಿಗೊಮ್ಮೆ ಸಮಿತಿಗೆ ವರದಿ ಕೊಡಬೇಕು. 2020ರ ಪೋಕ್ಸೊ ನಿಯಮಗಳಲ್ಲಿ ಇದೆಲ್ಲ ಬರೆದಿದೆ. ಬರೆದದ್ದು ನಡೆಯುತ್ತಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಖಡಕ್ಕಾಗಿ ಹೇಳಿದ ಮೇಲೆ ನಮ್ಮನ್ನು ಕರೆಯುವುದು ಹೆಚ್ಚಾಯಿತು. ಸಂಭಾವನೆ ಕುಶಲ ಕಾರ್ಮಿಕರ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು ಅಂತಲೂ ಇದೆ. ಗಾರೆ ಕೆಲಸದ ನನ್ನ ತಮ್ಮ ಅದನ್ನು ಕೇಳಿ, “ಹಂಗಾದ್ರ ನೀನೂ ಮೇಸ್ತ್ರಿ ಆದಿ ಬಿಡು” ಅಂದ.

ಆ ಬೆರಳು ನನ್ನ ಕಡೆ ತಿರುಗಿದ ಮೇಲೆ ನಾನು ಒಂದು ವ್ರತ ಹಿಡಿದೆ. ಘಟನೆಯ ಬಗ್ಗೆ ಮಗುವಿನ ಜೊತೆ ಒಂದು ಮಾತೂ ಆಡುವುದಿಲ್ಲ. ಮಗುವಾಗಿಯೇ ಹೇಳಲು ಶುರು ಮಾಡಿದರೆ ಕೇಳಿಸಿಕೊಳ್ಳುತ್ತೇನೆ, ಅದರ ಮೇಲೆ ಇನ್ನೊಂದು ಪ್ರಶ್ನೆ ಹಾಕುವುದಿಲ್ಲ. ತಾಯಂದಿರಿಗೂ ಅದನ್ನೇ ಹೇಳುತ್ತೇನೆ. ಅವರಿಗೆ ಇದು ಕಷ್ಟ. “ನಾಳೆ ಸಾಕ್ಷಿ ಐತಿ, ಒಂದ್ಸಲ ಹೇಳು ನೋಡೂಣು” ಅಂತ ರಾತ್ರಿಯೆಲ್ಲ ಕೂರಿಸಿಕೊಂಡು ಹೇಳಿಸುತ್ತಾರೆ, ಪರೀಕ್ಷೆಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದ ಹಾಗೆ. ಮರುದಿನ ಮಗು ಒಪ್ಪಿಸಿದಂತೆ ಹೇಳುತ್ತದೆ, ಕೇಳುವವರಿಗೆ ಸುಳ್ಳೆನಿಸುತ್ತದೆ.

ಹಾಗಾದರೆ ನಾನು ಮಾಡುವುದೇನು? ಸಾಕ್ಷಿಯ ದಿನಕ್ಕೆ ಮುಂಚೆ, ಅನುಮತಿ ಪಡೆದು, ಖಾಲಿ ಕೋರ್ಟ್ ಹಾಲಿಗೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ. ಜಡ್ಜ್ ಸಾಹೇಬರು ಇಲ್ಲಿ ಕೂಡ್ತಾರೆ, ಟೈಪ್ ಮಾಡೋರು ಅಲ್ಲಿ, ಕರಿ ಕೋಟಿನವರು ಇಬ್ಬರೂ ಜಗಳ ಆಡಿದಂಗ ಕಾಣ್ತಾರ ಆದರ ಅದು ಜಗಳಲ್ಲ. ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ, ಸಾಕಾದರೆ ಹೇಗೆ ಕೈ ಎತ್ತಬೇಕು. ಮಧ್ಯೆ ಮಧ್ಯೆ ಬಿಡುವು ಕೊಡಬಹುದೆಂದು ಕಾಯ್ದೆಯಲ್ಲೇ ಇದೆ, ಆದರೆ ಕೇಳಲು ಮಗುವಿಗೆ ಗೊತ್ತಿರಬೇಕಲ್ಲ. ಆಮೇಲೆ ಮೂರು ಮಾತು ರೂಢಿ ಮಾಡಿಸುತ್ತೇನೆ: “ತಿಳೀಲಿಲ್ರಿ, ಇನ್ನೊಮ್ಮೆ ಹೇಳ್ರಿ”, “ನೆನಪಿಲ್ರಿ”, “ಗೊತ್ತಿಲ್ರಿ”. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಗೊತ್ತಿಲ್ಲ ಅಂದರೆ ಏಟು. ಅದಕ್ಕೇ ಗೊತ್ತಿಲ್ಲದ್ದಕ್ಕೂ ಹೂಂ ಅಂದುಬಿಡುತ್ತಾರೆ. ರೂಢಿಗೆ ನಾನು ಕೇಳುವ ಪ್ರಶ್ನೆಗಳೆಲ್ಲ ಬೇರೆ ಥರದವು: “ನಿಮ್ಮ ಎಮ್ಮಿ ಹಸಿರು ಬಣ್ಣದ್ದು, ಹೌದಲ್ಲೋ?” ಮೊದಲ ಸಲ ಬಹಳ ಮಕ್ಕಳು ಹೂಂ ಅನ್ನುತ್ತಾರೆ. ನಾಲ್ಕನೇ ಸಲಕ್ಕೆ ನಗುತ್ತ “ಅಲ್ರೀ, ಕರೀದು” ಅನ್ನುತ್ತಾರೆ.

ಹೀಗೆ ತಯಾರಾದ ಒಬ್ಬ ಹುಡುಗಿಗೂ ಮುಂದೊಮ್ಮೆ ಅದೇ ಪ್ರಶ್ನೆ ಬಂತು, ಆ ಮೇಡಮ್ಮು ನಿನಗೆ ಏನೇನು ಹೇಳಿಕೊಟ್ಟಾರ ಅಂತ. “ಸಂಡಾಸ ಎಲ್ಲೈತಿ ಅಂತ ಹೇಳಿಕೊಟ್ಟಾರ್ರಿ” ಅಂದಳು. ವಕೀಲರೇ ನಕ್ಕುಬಿಟ್ಟರು.

ಅದಕ್ಕಿಂತ ದೊಡ್ಡ ತೊಡಕು ತಾರೀಖಿನದು. ಒಂದು ಮಗು ಪೊಲೀಸರ ಮುಂದೆ ಹೇಳಿದ್ದು, “ಅಲಾಯಿ ದೇವರು ಹೊಳಿಗೆ ಹೋದ ಮರುದಿನ” ಅಂತ. ನಮ್ಮ ಕಡೆ ಮೊಹರಂ ಎಲ್ಲ ಜಾತಿಯವರ ಹಬ್ಬ, ಅದನ್ನು ಯಾವ ಮಗುವೂ ಮರೆಯುವುದಿಲ್ಲ. ಆದರೆ ಆ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ: 2022ರಲ್ಲಿ ಆಗಸ್ಟ್ 9ಕ್ಕೆ, ಮರುವರ್ಷ ಜುಲೈ 29ಕ್ಕೆ. ಘಟನೆ ಹಿಂದಿನ ವರ್ಷದ್ದು. ಹೇಳಿಕೆ ಬರೆದುಕೊಂಡವರು ಗೋಡೆಯ ಮೇಲಿದ್ದ, ಹೇಳಿಕೆ ಕೊಟ್ಟ ವರ್ಷದ ಕ್ಯಾಲೆಂಡರ್ ನೋಡಿ ದಿನಾಂಕ ಹಾಕಿದರು. ಮಗು ಹೇಳಿದ ಮಾತು ಕಾಗದದಲ್ಲಿ ಎಲ್ಲೂ ಇಲ್ಲ, “ದಿನಾಂಕ ಇಂತಿಷ್ಟರಂದು ಸದರಿ ಆರೋಪಿತನು” ಅಂತ ಮಾತ್ರ ಇದೆ. ಆ ದಿನ ಆರೋಪಿ ಬೇರೆ ಊರಲ್ಲಿ ಮದುವೆಯಲ್ಲಿದ್ದನೆಂದು ಫೋಟೊ ಬಂತು. ಇದ್ದಿರಬಹುದು, ಯಾಕಿರಬಾರದು?

ಪೋಕ್ಸೊ ಕಾಯ್ದೆಯ 26ನೇ ಕಲಂ ಸ್ಪಷ್ಟವಾಗಿದೆ: ಹೇಳಿಕೆಯನ್ನು ಮಗು ಮಾತಾಡಿದ ಹಾಗೆಯೇ ಬರೆದುಕೊಳ್ಳಬೇಕು. ಸಾಧ್ಯವಿದ್ದಲ್ಲಿ ಆಡಿಯೊ–ವಿಡಿಯೊದಲ್ಲೂ ದಾಖಲಿಸಬೇಕು. ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಗೂ ಇದೇ ಮಾತು. (2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 183ನೇ ಕಲಂ ಆಗಿದೆ, ಆದರೂ ಕೋರ್ಟ್ ಆವರಣದಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಹಳೆಯ ಕಲಮಿನ ನಂಬರೇ, ‘ಒನ್ ಸಿಕ್ಸ್ಟಿಫೋರ್’.) ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಇದ್ದಾರೆ. ಬಂದೋಬಸ್ತು, ಕೋರ್ಟ್ ಡ್ಯೂಟಿ, ಜಾತ್ರೆಗಳ ನಡುವೆ ಅದು ಅವರಿಗೆ ಹತ್ತನೇ ಕೆಲಸ. ಅವರ ತರಬೇತಿಗೆ ಸಮಿತಿಯವರು ನನ್ನನ್ನು ಕರೆದಾಗ ನಾನು ಕಲಂ ಓದಲಿಲ್ಲ. ಒಂದು ಹಾಳೆಯಲ್ಲಿ ಮಗುವಿನ ಮಾತು, ಇನ್ನೊಂದರಲ್ಲಿ ಹೇಳಿಕೆಯ ಭಾಷೆ, ಎರಡನ್ನೂ ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಓದಲಿ ಎಂದೆ. ಎರಡನೆಯದನ್ನು ಓದುವಾಗ ಒಬ್ಬ ಹಿರಿಯ ಎಎಸ್‌ಐ ತಾವೇ ನಿಲ್ಲಿಸಿ, “ಏಳು ವರ್ಷದ ಹುಡುಗ ‘ಸದರಿ’ ಅಂತಾನೇನ್ರಿ ಮೇಡಂ?” ಅಂದರು. ಆ ಸಭೆಯಲ್ಲಿದ್ದ ಒಬ್ಬ ಮಹಿಳಾ ಪಿಎಸ್‌ಐ ಆಮೇಲೆ ತಮ್ಮದೇ ರೀತಿ ಹಾಕಿಕೊಂಡರು. ಸಮವಸ್ತ್ರ ತೆಗೆದಿಟ್ಟು ಮಗುವಿನ ಮನೆಗೇ ಹೋಗುತ್ತಾರೆ. ಮೊದಲು ಮಗುವಿನ ವಾಕ್ಯ, “ಕಡ್ಲಿ ಕೀಳೂ ಕಾಲಕ್ಕ” ಅಂದರೆ ಹಾಗೇ. ಅದರ ಕೆಳಗೆ ಬೇರೆ ಸಾಲಿನಲ್ಲಿ, ಶಾಲೆಯ ಹಾಜರಿ ಪುಸ್ತಕವನ್ನೋ ಪಂಚಾಂಗವನ್ನೋ ನೋಡಿ ದಿನಾಂಕ. ತಾಂಡಾದ ಮಗುವಾದರೆ ಲಂಬಾಣಿ ಬಲ್ಲವರನ್ನು ಕರೆಸುತ್ತಾರೆ, ಸಿಂಧನೂರು ಕಡೆಯ ಕ್ಯಾಂಪಿನ ಮಗುವಾದರೆ ತೆಲುಗು ಬಲ್ಲವರನ್ನು. ಅನುವಾದಕರನ್ನು ಪಡೆಯುವುದು ಮಗುವಿನ ಹಕ್ಕು ಎಂಬುದನ್ನು ಅವರಿಗೆ ನಾನು ಹೇಳಬೇಕಾಗಲಿಲ್ಲ.

ವಯಸ್ಸಿನ ದಾಖಲೆಯ ಗೋಳು ಬೇರೆ. ನಮ್ಮ ಶಾಲಾ ದಾಖಲಾತಿಗಳಲ್ಲಿ ಜೂನ್ 1ಕ್ಕೆ ಹುಟ್ಟಿದ ಮಕ್ಕಳು ಎಷ್ಟಿದ್ದಾರೆ ನೋಡಿ! ಹಾಗಾಗಿ ಮೊದಲ ವಾರದಲ್ಲೇ ಶಾಲೆಯ ದಾಖಲೆಯ ಜೊತೆ ಪಂಚಾಯಿತಿಯ ಜನನ ಪ್ರಮಾಣಪತ್ರವನ್ನೂ ಹುಡುಕಿಸುತ್ತೇನೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಇವೆರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ.

ಇನ್ನು ಗುಳೆ. ಹೊರಗಿನವರು ಬರೆಯುವ ವರದಿಗಳಲ್ಲಿ “ಸಾಕ್ಷಿ ಹಾಜರಾಗಿಲ್ಲ” ಅಂತಿರುತ್ತದೆ. ಹಾಜರಾಗದಿದ್ದವರು ಬೆಂಗಳೂರಿನ ಯಾವುದೋ ಕಟ್ಟಡದ ತಳದಲ್ಲಿ ತಗಡಿನ ಶೆಡ್ಡಿನಲ್ಲಿರುತ್ತಾರೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮುದುಕರು ಮತ್ತು ಬೀಗ ಮಾತ್ರ ಉಳಿಯುತ್ತವೆ. ಸಮನ್ಸ್ “ಮನೆ ಬೀಗ ಹಾಕಿದೆ” ಅಂತ ವಾಪಸ್ಸು ಬರುತ್ತದೆ. ಪ್ರಕರಣ ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ, ಒಂದು ವರ್ಷದಲ್ಲಿ ವಿಚಾರಣೆ ಮುಗಿಸಬೇಕೆಂದು 35ನೇ ಕಲಂ ಹೇಳುತ್ತದೆ. ನಾನು ಕಂಡ ಪ್ರಕರಣಗಳಲ್ಲಿ ಆ 30 ದಿನ ಒಮ್ಮೆಯೂ ಕೂಡಿಬರಲಿಲ್ಲ. ತಡವಾದಷ್ಟೂ ಊರಿನ ಹಿರಿಯರು ರಾಜಿಗೆ ಕೂರಿಸುತ್ತಾರೆ. ಆಮೇಲೆ ಮಗು ಕೋರ್ಟಿಗೆ ಬಂದರೂ ಬಾಯಿ ಬಿಡುವುದಿಲ್ಲ.

ನನ್ನ ನೋಟುಬುಕ್ಕಿನ ಕೊನೆಯ ಪುಟಗಳು ಇದಕ್ಕೇ ಮೀಸಲು. ಮನೆಯವರು ಯಾವಾಗ ಗುಳೆ ಹೋಗುತ್ತಾರೆ, ಯಾವ ಮೇಸ್ತ್ರಿಯ ಜೊತೆ, ಅವನ ನಂಬರು, ಊರಿಗೆ ಯಾವ ಹಬ್ಬಕ್ಕೆ ಬರುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಬರುವವರು ಬಹಳ, ಯುಗಾದಿಗೆ ಇನ್ನೂ ಬಹಳ. ಇದನ್ನು ಬರೆದು ಸರ್ಕಾರಿ ಅಭಿಯೋಜಕರಿಗೆ ಕೊಡುತ್ತೇನೆ, ಅವರು ಕೋರ್ಟಿನಲ್ಲಿ ಅದಕ್ಕೆ ಹೊಂದುವ ದಿನ ಕೇಳುತ್ತಾರೆ. ಮೊದಲ ಸಲ ನನ್ನ ಚೀಟಿ ನೋಡಿ ಅಭಿಯೋಜಕರು, “ಏನಮ್ಮ, ಮುಹೂರ್ತ ಇಡಾಕ ಬಂದೀಯೇನು?” ಎಂದಿದ್ದರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ದುಡ್ಡಿನ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಊಟ, ಬಟ್ಟೆ, ಪ್ರಯಾಣದಂಥ ತುರ್ತಿಗೆ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಕೊಡಬೇಕೆಂಬ ನಿಯಮವಿದೆ. ಮಧ್ಯಂತರ ಪರಿಹಾರ ಬೇರೆ, ಅದನ್ನು ವಿಶೇಷ ಕೋರ್ಟ್ ಆದೇಶಿಸುತ್ತದೆ. ಎರಡಕ್ಕೂ ಮಗುವಿನ ಬ್ಯಾಂಕ್ ಖಾತೆ ಬೇಕು, ನಾನು ಅದನ್ನು ತಾಯಿಯ ಜೊತೆಗೇ ತೆರೆಸುತ್ತೇನೆ. ಕಾರಣ ಕೇಳಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿ ಮಗಳ ಬಸ್ ಚಾರ್ಜು ಉಳಿಯಿತು. ಹೋದ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಲೇಬೇಕು. “ಅಂವ ನಿನ್ನ ಕಣ್ಣಿಗೆ ಬೀಳಂಗಿಲ್ಲ” ಅಂತ ಒಬ್ಬ ಹುಡುಗಿಗೆ ಮಾತು ಕೊಟ್ಟಿದ್ದೆ. ಒಳಗೆ ಪರದೆ ಕಟ್ಟಿದ್ದರು, ನಿಜ. ಹೊರಗೆ ವರಾಂಡದಲ್ಲಿ ಕಾಯುವಾಗ ಆರೋಪಿಯ ತಾಯಿ ಬಂದು ಎದುರಿಗೇ ಕೂತಳು, ಚಹಾದ ಅಂಗಡಿ ಹತ್ತಿರ ಅವನೂ ಕಂಡ. ಹುಡುಗಿ ನನ್ನ ಕೈ ಬಿಡಿಸಿಕೊಂಡಳು. ಆ ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಇಂಥ ಸಾಕ್ಷಿಗಳಿಗೆ ಪ್ರತಿ ಜಿಲ್ಲೆಯಲ್ಲೂ ಪ್ರತ್ಯೇಕ ಕೇಂದ್ರ ಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಆದೇಶಿಸಿದ್ದು ಇದಕ್ಕೇ. ಒಳಗಿನ ಪರದೆಗಿಂತ ಹೊರಗಿನ ಬೇರೆ ಬಾಗಿಲು, ಬೇರೆ ಕೋಣೆ ಮುಖ್ಯ ಅಂತ ನನ್ನ ಅನಿಸಿಕೆ. ಕೋಣೆ ಇಲ್ಲದ ಕಡೆ ನಾನು ಮಗುವನ್ನು ಕೂಗುವವರೆಗೂ ಆವರಣದ ಹೊರಗೇ, ಪರಿಚಯದವರ ಮನೆಯಲ್ಲೋ ಅಂಗನವಾಡಿಯಲ್ಲೋ ಇಟ್ಟುಕೊಳ್ಳುತ್ತೇನೆ. ಬೆಂಚ್ ಕ್ಲರ್ಕ್ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ.

ಕೆಲವು ಪ್ರಕರಣಗಳಲ್ಲಿ ನನಗೆ ದಾರಿ ತೋಚುವುದಿಲ್ಲ. ಹದಿನೇಳರ ಹುಡುಗಿ ಗರ್ಭಿಣಿಯರ ‘ತಾಯಿ ಕಾರ್ಡ್’ ಮಾಡಿಸಲು ಆಸ್ಪತ್ರೆಗೆ ಹೋಗುತ್ತಾಳೆ, ವಯಸ್ಸು ನೋಡಿ ವೈದ್ಯರು ಪೊಲೀಸರಿಗೆ ತಿಳಿಸುತ್ತಾರೆ. ತಿಳಿಸದಿದ್ದರೆ ಅವರಿಗೇ ಶಿಕ್ಷೆ. ಗಂಡ ಜೈಲಿಗೆ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಆ ಕಾನೂನು ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹುಡುಗಿ “ನಿಮ್ಮನ್ನ ಯಾರು ಕರದಾರ್ರಿ ಇಲ್ಲಿ?” ಅಂತ ನನ್ನ ಮುಖಕ್ಕೇ ಬಾಗಿಲು ಹಾಕಿದಾಗ, ಹೊರಗೆ ನಿಂತು ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಮುಂದಿನ ವಾರ ಮತ್ತೆ ಹೋದೆ. ಅವಳ ಅತ್ತೆ ನೀರು ಕೊಟ್ಟರು, ಅಷ್ಟೇ.

ಈ ಮಂಗಳವಾರ ಒಂದು ಸಾಕ್ಷಿ ಇದೆ. ಮನೆಯವರು ಬೆಂಗಳೂರಲ್ಲಿದ್ದಾರೆ. ನಿನ್ನೆ ಮೇಸ್ತ್ರಿಗೆ ಫೋನ್ ಮಾಡಿದ್ದೆ. ಎರಡು ದಿನ ರಜೆ ಕೊಡುತ್ತಾನಂತೆ, ಪಗಾರ ಕೊಡುವುದಿಲ್ಲವಂತೆ. ಪ್ರಯಾಣದ ಖರ್ಚಿಗೆ ಸಮಿತಿಗೆ ಅರ್ಜಿ ಬರೆದಿಟ್ಟಿದ್ದೇನೆ, ಬೆಳಗ್ಗೆ ಕಚೇರಿ ತೆರೆಯುತ್ತಲೇ ಕೊಡಬೇಕು. ಸೋಮವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕೊಪ್ಪಳ. ಹುಡುಗ ಒಂಬತ್ತು ವರ್ಷದವನು, ರೈಲಿನಲ್ಲಿ ಕಿಟಕಿ ಸೀಟು ಸಿಗತೈತೇನು ಅಂತ ಮೂರು ಸಲ ಕೇಳಿದ್ದಾನೆ.