ಬೂಷ್ಟು ಹಿಡಿದ ಕ್ಯಾಸೆಟ್‌ಗಳಿಂದ ಫಾದರ್ ಅವರ ಪಾಠ ಉಳಿಸಿಕೊಂಡಿದ್ದು

ಬೂಷ್ಟು ಹಿಡಿದ ಕ್ಯಾಸೆಟ್ ಇನ್ನು ಮಾತಾಡುವುದಿಲ್ಲ, ಎಸೆದುಬಿಡಿ ಅಂತ ಹುಬ್ಬಳ್ಳಿಯಲ್ಲೂ ಹೇಳಿದರು, ಮಂಗಳೂರಿನಲ್ಲೂ ಹೇಳಿದರು. ಈಗ ನಮ್ಮ ಫಾದರ್ ಅವರ ಸುಮಾರು ಅರವತ್ತು ಗಂಟೆಯ ಪಾಠ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಸೀಮೆಸುಣ್ಣ ಬೋರ್ಡಿಗೆ ತಾಗುವ ಸದ್ದೂ ಕೇಳುತ್ತದೆ.

ಅವರು ಪಾದ್ರಿಗಳಾಗುವವರು ಓದುವ ಸೆಮಿನರಿಯಲ್ಲಿ ತತ್ವಶಾಸ್ತ್ರದ ಪ್ರೊಫೆಸರ್ ಆಗಿದ್ದರು. ರಜೆಗೆ ಕಾರವಾರಕ್ಕೆ ಬಂದರೆ ಸಂಜೆ ನಮಗೂ ಪಾಠ. ಚರ್ಚಿಗೆ ಹೋಗುವವರು, ಹೋಗದವರು ಎಂಬ ಭೇದ ಇರಲಿಲ್ಲ. ಬಂದರಿನ ಪಕ್ಕದ ಬೈತಖೋಲದ ಹುಡುಗರೂ ಬರುತ್ತಿದ್ದರು, ರಿಟೈರ್ ಆದ ಮಾಸ್ತರರೂ ಬರುತ್ತಿದ್ದರು. ಕನ್ನಡದಲ್ಲಿ ಶುರು ಮಾಡಿ, ಹುರುಪು ಬಂದರೆ ಕೊಂಕಣಿಗೆ ಹೊರಳುತ್ತಿದ್ದರು. ಒಂದು ಪುಸ್ತಕವನ್ನೂ ಬರೆಯಲಿಲ್ಲ. ಅವರು ಹೋದ ಮೇಲೆ ಉಳಿದಿದ್ದು ಎರಡು ರಟ್ಟಿನ ಪೆಟ್ಟಿಗೆ ಕ್ಯಾಸೆಟ್ ಮಾತ್ರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು. ಟೇಪಿನ ಅಂಚಿಗೆಲ್ಲ ಬಿಳಿ ಪುಡಿ.

ಸರಿಮಾಡಿ ಕೊಡಲು ಒಬ್ಬರು ಕ್ಯಾಸೆಟ್ಟಿಗೆ ಎಂಟುನೂರು ರೂಪಾಯಿ ಕೇಳಿದರು, ಗ್ಯಾರಂಟಿ ಇಲ್ಲ ಎಂದರು. ನಾನೇ ಮಾಡೋಣ ಅಂತ ಹೊರಟೆ. ಕ್ಯಾಸೆಟ್ ಹಾಕಿ ಕೇಳುವ ಹಳೇ ಡೆಕ್ ನಾಲ್ಕು ಸಾವಿರ. ಬೆಲ್ಟು, ರೋಲರ್ ಸೇರಿ ಇನ್ನೊಂದು ಸಾವಿರ. ಕೆಟ್ಟ ಟೇಪು ಸುತ್ತಲಿಕ್ಕೆಂದೇ ಇನ್ನೊಂದು ಅಗ್ಗದ ಪ್ಲೇಯರ್. ಅದು ಬೇಕೇ ಬೇಕು. ಒಂದರ ಬೂಷ್ಟು ಟೇಪು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಎಲ್ಲ ಸೇರಿ ಹನ್ನೊಂದು ಸಾವಿರದ ಆಸುಪಾಸು ಆಯಿತು.

ಮೊದಲು ಬಿಸಿಲಿಗೆ ಒಣಗಿಸಿ ನೋಡಿದೆ. ಉಪ್ಪುಗಾಳಿಯಲ್ಲಿ ಒಣಗಿದ್ದು ಸಂಜೆಯೊಳಗೆ ಮತ್ತೆ ತೇವ. ಅಲ್ಮೇರಾದಲ್ಲಿ ಬಲ್ಬು ಉರಿಸಿಟ್ಟು ಹಳೇ ಸಿನಿಮಾ ಹಾಡಿನ ಕ್ಯಾಸೆಟ್ ಮೇಲೆ ಪ್ರಯೋಗ ಮಾಡಿದೆ, ಅದರ ಪ್ಲಾಸ್ಟಿಕ್ ಶೆಲ್ ಸೊಟ್ಟಗಾಯಿತು. ಕೊನೆಗೆ ಗೆದ್ದಿದ್ದು ಗಾಳಿಯಾಡದ ಡಬ್ಬಿ ಮತ್ತು ತೇವ ಹೀರುವ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದರೆ ಜೆಲ್ ಬಿಸಿ ಮಾಡಿ ಮತ್ತೆ ಹಾಕುವುದು. ಎರಡು ಮೂರು ವಾರ ಬಿಟ್ಟರೆ ಪುಡಿ ಒಣಗಿ ಸಲೀಸಾಗಿ ಉದುರುತ್ತದೆ. ಅಂಗಳದಲ್ಲಿ, ಮಾಸ್ಕ್ ಹಾಕಿಕೊಂಡೇ ಒರೆಸಬೇಕು. ಒರೆಸುವ ಬಟ್ಟೆ ಯಾವುದು, ಎಷ್ಟು ಒತ್ತಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕೈಗುಣ. ಅಂಟಿಸಿದ ಶೆಲ್ ಇದ್ದರೆ ಬ್ಲೇಡಿನಿಂದ ಬಿಡಿಸಿ, ಟೇಪನ್ನು ಸ್ಕ್ರೂ ಇರುವ ಶೆಲ್ಲಿಗೆ ಹಾಕಿದೆ.

ಅಜಿಮತ್, ಅಂದರೆ ಹೆಡ್ಡು ಟೇಪಿಗೆ ತಾಗುವ ಕೋನ, ಪ್ರತಿ ಕ್ಯಾಸೆಟ್ಟಿಗೂ ಬೇರೆ ಇಟ್ಟೆ. ಯಾರ್ಯಾರದೋ ಟೇಪ್ ರೆಕಾರ್ಡರಿನಲ್ಲಿ ರೆಕಾರ್ಡ್ ಆಗಿದ್ದವು ಅಲ್ವಾ. ಫಾದರ್ ಅವರ ‘ಸ’, ‘ಶ’ ಬಿಡಿಬಿಡಿಯಾಗಿ ಕೇಳುವವರೆಗೆ ಸ್ಕ್ರೂ ತಿರುಗಿಸುವುದು. ಇದರಲ್ಲಿ ನನ್ನ ಕಿವಿಯನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಕಡಿಮೆ.

ನಿಜವಾದ ಜಗಳ ಆಮೇಲೆ. ನಾಯ್ಸ್ ತೆಗೆದು, ಖಾಲಿ ಜಾಗ ಕತ್ತರಿಸಿ ಚಿಕ್ಕದು ಮಾಡು ಅಂತ ಗೆಳೆಯರು ಹಟ ಹಿಡಿದರು. ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಹಾಗೆ ಮಾಡಿ ನೋಡಿದೆ. ದನಿ ತಗಡಿನಂತಾಯಿತು. ಅದಕ್ಕಿಂತ ಜಾಸ್ತಿ, ಫಾದರ್ ಅವರೇ ಕಾಣೆಯಾದರು. ಯಾಕೆಂದರೆ ಅವರು ಪ್ರಶ್ನೆ ಕೇಳಿ ಕಾಯುತ್ತಿದ್ದರು. ಸಂತ ಅಗಸ್ಟೀನ್ ಪಾಠದ ಕ್ಯಾಸೆಟ್ ಇದೆ. ಕಾಲ ಎಂದರೇನು ಅಂತ ಯಾರೂ ಕೇಳದಿದ್ದರೆ ನನಗೆ ಗೊತ್ತು, ವಿವರಿಸಲು ಹೋದರೆ ಗೊತ್ತಿಲ್ಲ ಎಂಬ ಅಗಸ್ಟೀನನ ಮಾತನ್ನು ಹೇಳಿ, "ನೀವೇನಂತೀರಿ?" ಎಂದು ಸುಮ್ಮನಾಗುತ್ತಾರೆ. ಅರ್ಧ ನಿಮಿಷ ಬರೀ ಹಂಚಿನ ಮೇಲಿನ ಮಳೆ. ಕೊನೆಗೆ ಹಿಂದಿನ ಬೆಂಚಿನ ಹುಡುಗ ಏನೋ ತಪ್ಪು ಉತ್ತರ ಕೊಡುತ್ತಾನೆ. ಫಾದರ್ ಆ ಉತ್ತರವನ್ನೇ ಹಿಡಿದು ಇಪ್ಪತ್ತು ನಿಮಿಷ ಪಾಠ ಮಾಡುತ್ತಾರೆ! ಯಾರ ಉತ್ತರವನ್ನೂ ಅವರು ಬಿಸಾಡಿದವರಲ್ಲ. ಆ ಅರ್ಧ ನಿಮಿಷ ಕತ್ತರಿಸಿದರೆ ಅವರು ಸುಮ್ನೆ ಭಾಷಣ ಮಾಡುವವರಾಗುತ್ತಾರೆ. ಹಾಗಾಗಿ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಫೈಲು, ಅಂದರೆ ಸಿಡಿ ಮಟ್ಟದ ಧ್ವನಿ, ಏನೂ ಕತ್ತರಿಸದೆ ಇಟ್ಟಿದ್ದೇನೆ. ಮಳೆಯೂ ಇರಲಿ.

ನವೆಂಬರ್ 2ರಂದು, ಸತ್ತವರ ಹಬ್ಬಕ್ಕೆ, ಸಮಾಧಿಗೆ ಮೇಣದಬತ್ತಿ ಹಚ್ಚಲು ಬಂದ ಹಳೇ ವಿದ್ಯಾರ್ಥಿಗಳಿಗೆ ಪೆನ್‌ಡ್ರೈವಿನಲ್ಲಿ ಹಂಚಿದೆ. ಆಗುವುದಿಲ್ಲ ಎಂದು ಹೇಳಿದ್ದವರೂ ಕೇಳಿ ತೆಗೆದುಕೊಂಡರು. ಜರ್ಮನ್ ತತ್ವಜ್ಞಾನಿ ಕಾಂಟ್ ಮೇಲಿನ ಪಾಠ ಇನ್ನೂ ಬಾಕಿ ಇದೆ. ಅವು ಎರಡು ಗಂಟೆಯ ಸಿ-120 ಕ್ಯಾಸೆಟ್, ಟೇಪು ತೀರಾ ತೆಳು, ಎಳೆದರೆ ತುಂಡಾಗುತ್ತದೆ. ಈ ಮಳೆಗಾಲ ಮುಗಿದ ಮೇಲೆ ಅದಕ್ಕೆ ಕೈ ಹಾಕುತ್ತೇನೆ.