ಪೋಸ್ಟ್‌ಗ್ರೆಸ್‌ನಲ್ಲಿ ‘ಬದಲಾಯಿಸಲಾಗದು’ ಎಂದ ಡೇಟಾ_ಚೆಕ್‌ಸಮ್ಸ್

ಹಳೆಯ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರನ್ನು 18ನೇ ಆವೃತ್ತಿಗೆ ಏರಿಸಲು ಹೊರಟಾಗ, ಅದಕ್ಕೆಂದೇ ಇರುವ ಪಿಜಿ_ಅಪ್‌ಗ್ರೇಡ್ ಟೂಲ್ ತಪಾಸಣೆಯಲ್ಲೇ ನಿಂತುಬಿಟ್ಟಿತು. ಹಳೆಯದರಲ್ಲಿ ಡೇಟಾ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಾಳೆ ನೋಡಲು ಪ್ರತಿ ಬ್ಲಾಕಿನ ಜೊತೆ ಇಡುವ ಸಂಖ್ಯೆ) ಇಲ್ಲ, ಹೊಸದರಲ್ಲಿ ಇದೆ ಅನ್ನುವುದು ಅದರ ತಕರಾರು. 18ರಿಂದ, ಹೊಸ ಡೇಟಾಬೇಸ್ ಕ್ಲಸ್ಟರ್ ಸೃಷ್ಟಿಸುವ ಇನಿಟ್‌ಡಿಬಿ ಚೆಕ್‌ಸಮ್ಮನ್ನು ತಾನಾಗಿಯೇ ಆನ್ ಮಾಡುತ್ತದೆ. ಎರಡೂ ಕಡೆ ಒಂದೇ ಇರಲೇಬೇಕು.

ಸೆಟ್ಟಿಂಗ್ ಬದಲಿಸುವ ಆಲ್ಟರ್ ಸಿಸ್ಟಮ್ ಕಮಾಂಡಿನ ಮೂಲಕ ಹಳೆಯದರಲ್ಲೂ ಆನ್ ಮಾಡಲು ನೋಡಿದರೆ, ಈ ಪ್ಯಾರಾಮೀಟರ್ ಬದಲಾಯಿಸಲಾಗದು ಎಂಬ ಒಂದೇ ಸಾಲು. ಎಲ್ಲ ಅಧಿಕಾರವಿರುವ ಸೂಪರ್‌ಯೂಸರ್ ಆಗಿದ್ದರೂ ಅಷ್ಟೇ. ಕಾರಣ ಸಿಕ್ಕಿದ್ದು, ಎಲ್ಲ ಸೆಟ್ಟಿಂಗ್‌ಗಳನ್ನು ಪಟ್ಟಿ ಮಾಡಿ ತೋರಿಸುವ ಪಿಜಿ_ಸೆಟ್ಟಿಂಗ್ಸ್ ವ್ಯೂನ ಕಾಂಟೆಕ್ಸ್ಟ್ ಕಾಲಮ್ಮಿನಲ್ಲಿ. ಅಲ್ಲಿ ‘ಸಿಗ್‌ಹಪ್’ ಎಂದಿದ್ದರೆ ಬದಲಾವಣೆ ಜಾರಿಗೆ ಬರಲು ರೀಲೋಡ್ ಸಾಕು, ‘ಪೋಸ್ಟ್‌ಮಾಸ್ಟರ್’ ಎಂದಿದ್ದರೆ ರೀಸ್ಟಾರ್ಟ್ ಬೇಕು. ‘ಇಂಟರ್ನಲ್’ ಎಂದಿದ್ದರೆ ಅದು ಬರೀ ತೋರಿಸುವುದಕ್ಕಿರುವ ಮೌಲ್ಯ. ಸಾಮಾನ್ಯವಾಗಿ 8192 ಬೈಟ್ ಇರುವ ಬ್ಲಾಕ್_ಸೈಜ್ ಕೂಡ ಇದೇ ಗುಂಪಿನದು, ಅದು ಕಂಪೈಲ್ ಆಗುವಾಗಲೇ ನಿಗದಿಯಾಗಿರುತ್ತದೆ. ಡೇಟಾ_ಚೆಕ್‌ಸಮ್ಸ್ ಎದುರಿಗೂ ‘ಇಂಟರ್ನಲ್’ ಎಂದೇ ಇತ್ತು. ‘ಕಾಂಟೆಕ್ಸ್ಟ್’ ಅನ್ನುವ ಹೆಸರು ನೋಡಿ ಇಷ್ಟೆಲ್ಲ ಊಹಿಸುವುದು ಕಷ್ಟ, ಬಿಡಿ.

ಅದೃಷ್ಟಕ್ಕೆ ಇದೊಂದಕ್ಕೆ ಹೊರಗಿನ ದಾರಿಯಿದೆ. 12ನೇ ಆವೃತ್ತಿಯಿಂದ ಪಿಜಿ_ಚೆಕ್‌ಸಮ್ಸ್ ಎಂಬ ಟೂಲ್ ಜೊತೆಗೇ ಬರುತ್ತದೆ. ಸರ್ವರನ್ನು ಸರಿಯಾಗಿ ನಿಲ್ಲಿಸಿ, ‘--ಎನೇಬಲ್’ ಕೊಟ್ಟು ಓಡಿಸಿದೆ. ಜೊತೆಗೆ, ಕೆಲಸ ಎಷ್ಟಾಯಿತು ಎಂದು ತೋರಿಸುವ ‘--ಪ್ರೋಗ್ರೆಸ್’ ಕೂಡ ಕೊಡಿ; ಈ ಟೂಲ್ ಪ್ರತಿ ಬ್ಲಾಕನ್ನೂ ಓದಿ ಮತ್ತೆ ಬರೆಯುವುದರಿಂದ ದೊಡ್ಡ ಡೇಟಾಬೇಸಿನಲ್ಲಿ ತುಂಬ ಹೊತ್ತು ಹಿಡಿಯುತ್ತದೆ. ಮತ್ತೆ ಸ್ಟಾರ್ಟ್ ಮಾಡಿ ಶೋ ಕಮಾಂಡಿನಲ್ಲಿ ನೋಡಿದರೆ ‘ಆನ್’. ಅಪ್‌ಗ್ರೇಡ್ ಸಲೀಸಾಗಿ ಮುಗಿಯಿತು.

ಸರ್ವರ್ ಅಷ್ಟು ಹೊತ್ತು ನಿಲ್ಲಿಸಲಾಗದಿದ್ದರೆ, ಹೊಸ ಕ್ಲಸ್ಟರನ್ನೇ ‘--ನೋ-ಡೇಟಾ-ಚೆಕ್‌ಸಮ್ಸ್’ ಕೊಟ್ಟು ಸೃಷ್ಟಿಸಬಹುದು. ನನಗೆ ಅದು ಇಷ್ಟವಾಗಲಿಲ್ಲ. ಡಿಸ್ಕ್ ಕೆಟ್ಟು ಬ್ಲಾಕ್ ಹಾಳಾದರೆ ಗೊತ್ತಾಗುವುದೇ ಚೆಕ್‌ಸಮ್ಮಿನಿಂದ.